ಮೈಕಣ್ಣನ ಸಕ್ಕರೆ ಸಮಾಚಾರ

ಆ ದಿನದ ಗೋಳಿಗೆಲ್ಲ ಕಾರಣ ಒಂದು ಕೆಂಪು ಗುಂಡಿ. ಬಸ್ ನಿಲ್ದಾಣದ ಮೇಲಿನ ಗಾಜಿನ ಕೋಣೆಯಲ್ಲಿ, ಮೈಕಿನ ಬುಡದಲ್ಲಿದ್ದ ಆ ಗುಂಡಿಯನ್ನು ಒತ್ತಿದರೆ ಧ್ವನಿ ಹೊರಗೆ ಹೋಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ನಿಲ್ಲಬೇಕಿತ್ತು. ಆದರೆ ವಯಸ್ಸಾದ ಗುಂಡಿ. ಒಮ್ಮೊಮ್ಮೆ ಒತ್ತಿದಲ್ಲೇ ನಿದ್ದೆ ಹೋಗಿಬಿಡುತ್ತಿತ್ತು.

ಆ ಕೋಣೆಯಲ್ಲಿ ಕೂತು ಬಸ್ಸುಗಳು ಬರುವುದನ್ನೂ ಹೋಗುವುದನ್ನೂ ಕೂಗಿ ಹೇಳುವವನನ್ನು ಎಲ್ಲರೂ ಮೈಕಣ್ಣ ಎಂದೇ ಕರೆಯುತ್ತಿದ್ದರು. ಯಾವನೋ ಆರಡಿ ಪೈಲ್ವಾನನಿಗೆಂದು ಮಾಡಿಟ್ಟ ಧ್ವನಿಯನ್ನು ದೇವರು ಅವಸರದಲ್ಲಿ ಇವನ ಗಂಟಲಿಗೆ ತುರುಕಿದ್ದ. ಆಳು ಮಾತ್ರ ಕುಳ್ಳು, ದುಂಡು. ಮೊದಲ ಸಲ ಭೇಟಿಯಾದವರು ಧ್ವನಿಯ ಒಡೆಯ ಹಿಂದೆ ಎಲ್ಲೋ ಇರಬೇಕೆಂದು ಇವನ ಭುಜದ ಮೇಲಿಂದ ಇಣುಕಿ ನೋಡುತ್ತಿದ್ದರು. ಸುತ್ತಲಿನ ಊರುಗಳಲ್ಲೆಲ್ಲ ಆ ಧ್ವನಿಯನ್ನು ಅರಿಯದವರಿರಲಿಲ್ಲ. ಮುಖವನ್ನು ಅರಿತವರು ಅಷ್ಟಾಗಿ ಇರಲಿಲ್ಲ.

ಆ ಬೆಳಿಗ್ಗೆ ಆಸ್ಪತ್ರೆಯ ನರ್ಸಮ್ಮ ಒಬ್ಬರು ಪ್ರಯಾಣಿಕರು ಕಾಯುವ ಹಜಾರದಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುವ ಉಚಿತ ತಪಾಸಣೆ. ಆದರೆ ಉಚಿತವಾಗಿ ಚುಚ್ಚಿಸಿಕೊಳ್ಳಲು ಯಾರು ಬರುತ್ತಾರೆ? ಜನ ಆ ಮೇಜಿನಿಂದ ನಾಲ್ಕು ಮಾರು ದೂರ ಸರಿದೇ ಓಡಾಡುತ್ತಿದ್ದರು. ನರ್ಸಮ್ಮ ಹತ್ತಿಯ ಉಂಡೆಗಳನ್ನು ಮಾಡಿ ಮಾಡಿ ಪೇರಿಸುತ್ತಾ ಬೇಸರದಲ್ಲಿ ಕೂತಿದ್ದನ್ನು ನೋಡಿ ಮೈಕಣ್ಣನಿಗೆ ಅಯ್ಯೋ ಅನ್ನಿಸಿತು. ಬೋಣಿಯಾದರೂ ಆಗಲಿ ಎಂದು ಹೋಗಿ ಬೆರಳು ಚಾಚಿದ.

ನರ್ಸಮ್ಮ ಯಂತ್ರ ನೋಡಿದರು, ಅವನ ಮುಖ ನೋಡಿದರು.

"ಸ್ವಲ್ಪ ಜಾಸ್ತಿ ತೋರಿಸ್ತಿದೆ. ಗಾಬರಿ ಪಡೋ ಹಾಗೇನಿಲ್ಲ. ಇದೊಂದರಿಂದ ಹೇಳೋಕಾಗಲ್ಲ, ಆಸ್ಪತ್ರೆಗೆ ಬಂದು ಸರಿಯಾಗಿ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಸಿಹಿ ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ, ದಿನಾ ಸ್ವಲ್ಪ ನಡೀರಿ. ಅಷ್ಟೇ."

ಅಷ್ಟೇ ಎಂದು ಅವರೇನೋ ಅಂದರು. ಮೈಕಣ್ಣನಿಗೆ ಅಷ್ಟೇ ಅನ್ನಿಸಲಿಲ್ಲ. ಕೋಣೆಗೆ ಬಂದು ಬಂದರಿಗೆ ಹೋಗುವ ಬಸ್ಸನ್ನು ಕೂಗಿ, ಗುಂಡಿ ಬಿಟ್ಟು, ಹೆಂಡತಿಗೆ ಫೋನ್ ಮಾಡಿದ. ಗುಂಡಿ ಮೇಲೇಳಲಿಲ್ಲ.

"ಕೇಳಿಸ್ತಾ ಇದೆಯೇನೇ? ನಂಗೆ ಸಕ್ಕರೆ ಬಂದಿದೆಯಂತೆ ಕಣೇ. ಹೂಂ, ಈಗ ತಾನೇ ನೋಡಿದ್ರು. ಸ್ವಲ್ಪ ಅಂತಾರೆ, ಸ್ವಲ್ಪ ಅಂದ್ರೆ ಎಷ್ಟೋ ಯಾರಿಗೆ ಗೊತ್ತು. ನಿನ್ನ ಹತ್ರ ಒಂದು ಹೇಳಿಲ್ಲ. ದಿನಾ ಕ್ಯಾಂಟೀನಲ್ಲಿ ಒಂದು ಕ್ರೀಂ ಬನ್ನು ತಿಂತೀನಿ. ಒಂದಲ್ಲ, ಎರಡು. ಬೈಬೇಡ." ಧ್ವನಿ ತಗ್ಗಿತು. "ಅಮ್ಮನ ಕಣ್ಣು ಹೋಗಿದ್ದು ಇದರಿಂದಾನೇ ಅಲ್ವೇನೇ. ಕೊನೆಗೆ ನನ್ನ ಮುಖ ಕೈಯಲ್ಲಿ ಸವರಿ ಗುರುತು ಹಿಡೀತಿದ್ಲು. ನಂಗೆ ಭಯ ಆಗ್ತಿದೆ ಕಣೇ."

ಆ ಕಡೆಯಿಂದ ಹೆಂಡತಿ, "ಏನೂ ಆಗಲ್ಲ, ಡಬ್ಬಿಯಲ್ಲಿ ಕಟ್ಟಿದ್ದನ್ನ ಹೊತ್ತಿಗೆ ಸರಿಯಾಗಿ ಉಣ್ಣಿ, ಸಂಜೆ ಮಾತಾಡೋಣ" ಎಂದಳು. ಫೋನ್ ಇಟ್ಟ ಮೇಲೆ ಮೈಕಣ್ಣನಿಗೆ ಏನೋ ವ್ಯತ್ಯಾಸ ಅನ್ನಿಸಿತು. ನಿಲ್ದಾಣದಲ್ಲಿ ಸದ್ದೇ ಇರಲಿಲ್ಲ. ಗಾಜಿನಿಂದ ಕೆಳಗೆ ನೋಡಿದ. ಚಾಲಕರು, ಕೂಲಿಗಳು, ಗಂಟು ಹೊತ್ತ ಹೆಂಗಸರು, ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ ಮುದುಕರು, ಎಲ್ಲರೂ ಕತ್ತೆತ್ತಿ ಅವನನ್ನೇ ನೋಡುತ್ತಿದ್ದರು. ಒಬ್ಬಾಕೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವನು ಗುಂಡಿಯ ಕಡೆ ತಿರುಗಿದ. ಗುಂಡಿ ಹಾಯಾಗಿ ಮಲಗಿತ್ತು.

ಮೊದಲು ಮೆಟ್ಟಿಲು ಹತ್ತಿ ಬಂದವಳು ಕ್ಯಾಂಟೀನಿನ ಅಕ್ಕ. ಈ ಹೊತ್ತಿಗೆ ದಿನವೂ ಅವಳ ಕೈಯಲ್ಲಿ ಒಂದು ಲೋಟ ಟೀ, ತಟ್ಟೆಯಲ್ಲಿ ಬನ್ನು ಇರುತ್ತಿದ್ದವು. ಇವತ್ತು ಇದ್ದದ್ದು ಕೆರೆಯ ಪಾಚಿಯ ಬಣ್ಣದ ಏನೋ ಒಂದು.

"ಕುಡೀರಿ," ಎಂದಳು, ಲೋಟ ಮುಂದೆ ಹಿಡಿದು. "ಹಾಗಲಕಾಯಿ ರಸ. ನನ್ನ ಕೈಯಾರೆ ಇಷ್ಟು ದಿನ ನಿಮಗೆ ವಿಷ ಹಾಕಿದೆನಲ್ಲ ಅಣ್ಣ. ಇನ್ನು ಮೇಲೆ ನನ್ನ ಕ್ಯಾಂಟೀನಿಂದ ನಿಮಗೆ ಒಂದು ಹರಳು ಸಕ್ಕರೆ ಬಂದ್ರೆ ಕೇಳಿ."

ಅವನು ಕಣ್ಣು ಮುಚ್ಚಿ ಕುಡಿದ. ಕಹಿ ನಾಲಿಗೆಯಿಂದ ಹೊರಟು ಕಿವಿಯವರೆಗೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ತಂಗಿತು.

ಎರಡನೆಯವರು ಕಂಟ್ರೋಲರ್ ಸಾಹೇಬರು. ಯಾವ ಬಸ್ಸು ಯಾವಾಗ ಬಿಡಬೇಕೆಂದು ಹೇಳುವ ಅಧಿಕಾರ ಅವರದು. ಯಾರು ಯಾವಾಗ ಏನು ಮಾಡಬೇಕೆಂದು ಹೇಳುವುದು ಅವರ ಅಭ್ಯಾಸ. ಫೋನಿನಲ್ಲಿ ಬರುವ ಆರೋಗ್ಯ ಸಲಹೆಗಳನ್ನೆಲ್ಲ ಓದಿ ಅರ್ಧ ವೈದ್ಯರಾಗಿದ್ದರು.

"ನೋಡಿ ಮೈಕಣ್ಣ, ನಿಯಮ ಬಹಳ ಸುಲಭ. ಬೆಳ್ಳಗಿರೋದು ಏನೂ ತಿನ್ನಬಾರದು. ಅನ್ನ, ಸಕ್ಕರೆ, ಉಪ್ಪು, ಮೈದಾ, ಹಾಲು."

"ಮೊಸರು ಸರ್?"

"ಹಾಲು ಬೆಳ್ಳಗಿದ್ರೆ ಮೊಸರು ಕೆಂಪಗಿರುತ್ತಾ?"

"ಮೂಲಂಗಿ?"

ಸಾಹೇಬರು ಒಂದು ಕ್ಷಣ ಯೋಚಿಸಿದರು. "ಸಿಪ್ಪೆ ಕೆಂಪಗಿದ್ರೆ ಸಿಪ್ಪೆ ಮಾತ್ರ ತಿನ್ನಿ."

ಅವರ ಹಿಂದೆಯೇ ಬಂದವನು ಆ ದಿನ ಪಾಳಿ ಇಲ್ಲದ ಒಬ್ಬ ಕಂಡಕ್ಟರ್. ಯಾರು ಎಷ್ಟು ಕೊಟ್ಟರೂ "ಚಿಲ್ಲರೆ ಇಲ್ಲ" ಎನ್ನುವವನಾದ್ದರಿಂದ ಅವನಿಗೆ ಚಿಲ್ಲರೆ ಎಂದೇ ಹೆಸರು ಬಿದ್ದಿತ್ತು. "ಅಣ್ಣ, ಅವರ ಮಾತು ಬಿಡಿ. ನಮ್ಮ ಮಾವ ಬರೀ ಹಣ್ಣು ತಿಂದು ವಾಸಿ ಮಾಡ್ಕೊಂಡ" ಎಂದ. ಬಾಗಿಲಲ್ಲಿ ನಿಂತಿದ್ದ ಯಾರೋ ಪ್ರಯಾಣಿಕ, "ಹಣ್ಣಾ? ಹಣ್ಣು ಅಂದ್ರೆ ಮರದಲ್ಲಿ ತೂಗಾಡೋ ಸಕ್ಕರೆ ಸ್ವಾಮಿ, ಮುಟ್ಟಲೇಬೇಡಿ" ಎಂದ. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸಾಲು ನಿಂತಿತ್ತು. ಒಬ್ಬರು ಬೆಂಡೆಕಾಯಿ ನೆನೆಸಿದ ನೀರು ಎಂದರು, ಇನ್ನೊಬ್ಬರು ಬೇವಿನ ಚಿಗುರು ಎಂದರು. ತಮ್ಮ ಬಸ್ಸು ಹೊರಟಿದ್ದನ್ನೂ ಲೆಕ್ಕಿಸದೆ ಒಬ್ಬರು ಮುದುಕರು ಅವನ ನಾಡಿ ಹಿಡಿದು ನಿಂತೇ ಇದ್ದರು. ಕೂತು ಕೂತೇ ಕಾಯಿಲೆ ಬರುವುದೆಂದು ಯಾರೋ ಅಂದದ್ದೇ ತಡ, ಚಿಲ್ಲರೆ ಅವನ ಕುರ್ಚಿಯನ್ನು ಎತ್ತಿಕೊಂಡು ಕೆಳಗೆ ನಡೆದ. ಅಂದಿನಿಂದ ಅಲ್ಲ, ಆ ಗಳಿಗೆಯಿಂದಲೇ ಮೈಕಣ್ಣ ನಿಂತು ಕೂಗತೊಡಗಿದ. ಅವನ ಎತ್ತರಕ್ಕೆ ಕೂತರೂ ನಿಂತರೂ ಕೆಳಗಿನವರಿಗೆ ವ್ಯತ್ಯಾಸ ಕಾಣಲಿಲ್ಲ.

ಊಟದ ಹೊತ್ತಿಗೆ ಅವನ ಹೊಟ್ಟೆಯೊಳಗೆ ಯಾರೋ ಪಾತ್ರೆ ಬೆಳಗುತ್ತಿರುವಂತೆ ಸದ್ದಾಗುತ್ತಿತ್ತು. ಬಾಗಿಲು ಹಾಕಿಕೊಂಡು ಡಬ್ಬಿ ಬಿಚ್ಚಿದ. ಅನ್ನ, ಬೇಳೆಯ ಸಾರು, ಬೇಯಿಸಿದ ಮೊಟ್ಟೆ, ಕ್ಯಾರೆಟ್ಟಿನ ಪಲ್ಯ, ಸೌತೆಕಾಯಿ. ತುತ್ತು ಕಲಸುವಷ್ಟರಲ್ಲಿ ಕಂಟ್ರೋಲರ್ ಸಾಹೇಬರು ಬಾಗಿಲು ತಳ್ಳಿದರು. ಹಿಂದೆ ಅಕ್ಕ, ಅವಳ ಹಿಂದೆ ಚಿಲ್ಲರೆ.

"ನನಗೆ ಗೊತ್ತಿತ್ತು," ಎಂದರು ಸಾಹೇಬರು, ಕಳ್ಳನನ್ನು ಹಿಡಿದವರ ಹಾಗೆ. "ಅನ್ನ. ಬೆಳ್ಳಗೆ ಹಲ್ಲು ಕಿರೀತಾ ಕೂತಿದೆ ನೋಡಿ."

ಅನ್ನ ಅವರ ವಶವಾಯಿತು. ಮೊಟ್ಟೆಯ ಬಿಳಿ ಭಾಗವೂ ಅದೇ ನಿಯಮದಡಿ ಹೋಯಿತು. ಹಳದಿ ಭಾಗ ಹೃದಯಕ್ಕೆ ಕೆಟ್ಟದ್ದೆಂದು ಚಿಲ್ಲರೆ ತೆಗೆದುಕೊಂಡ. ಕ್ಯಾರೆಟ್ಟು ನೆಲದೊಳಗೆ ಬೆಳೆಯುವುದರಿಂದ ಅದರಲ್ಲಿ ಸಿಹಿ ಇದೆಯೆಂದು ಅಕ್ಕ ಕಂಡುಹಿಡಿದಳು. ಬೇಳೆ ವಾಯು ಎಂದು ಮೂವರೂ ಒಪ್ಪಿದರು. ಆಹಾರ ಹಾಳು ಮಾಡಬಾರದಲ್ಲ, ಕಂಟ್ರೋಲರ್ ಸಾಹೇಬರು ಅಲ್ಲೇ ನಿಂತು ಅನ್ನಕ್ಕೆ ಸಾರು ಸುರಿದುಕೊಂಡು ಉಂಡರು. ನಡುವೆ, "ನಿಮ್ಮ ಮನೆಯವರ ಕೈ ಬಹಳ ಚೆನ್ನಾಗಿದೆ. ನಿಮಗೆ ಕಷ್ಟ ಆಗುತ್ತೆ ಪಾಪ, ಅರ್ಥ ಆಗುತ್ತೆ" ಎಂದು ಸಂತಾಪವನ್ನೂ ಸೂಚಿಸಿದರು. ಡಬ್ಬಿಯಲ್ಲಿ ಕೊನೆಗೆ ಉಳಿದದ್ದು ಸೌತೆಕಾಯಿ ಮತ್ತು ಚಮಚ.

ಸೌತೆಕಾಯಿಯ ಬಲದ ಮೇಲೆ ಎಷ್ಟು ಹೊತ್ತು ಕೂಗಲಾದೀತು? ಸ್ವಲ್ಪ ಹೊತ್ತಿನಲ್ಲೇ ಧ್ವನಿವರ್ಧಕದಲ್ಲಿ ಗಂಭೀರವಾದ ಸೂಚನೆ ಕೇಳಿಬಂತು: "ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬನ್ನು ಎರಡನೇ ಅಂಕಣಕ್ಕೆ ಬಂದಿದೆ. ದಯವಿಟ್ಟು ನೂಕುನುಗ್ಗಲು ಮಾಡದೆ ಬನ್ನಿನ ಒಳಗೆ ಕೂತುಕೊಳ್ಳಿ."

ಕೆಳಗೆ ನಗುವೋ ನಗು. ಕಂಟ್ರೋಲರ್ ಸಾಹೇಬರು ಓಡಿ ಬಂದು ಮೈಕು ಕಸಿದುಕೊಂಡರು. "ನಿಮಗೆ ತಲೆ ತಿರುಗ್ತಿದೆ. ಹೋಗಿ, ಹೊರಗೆ ಸ್ವಲ್ಪ ಗಾಳಿ ಕುಡಿದು ಬನ್ನಿ. ಗಾಳಿಗೇನೂ ಪಥ್ಯ ಇಲ್ಲ."

ಮೈಕಣ್ಣ ಗಾಳಿಗೆ ಹೋಗಲಿಲ್ಲ. ಹೊರಡಲು ನಿಂತಿದ್ದ ಕಾರ್ಖಾನೆ ಬಸ್ಸಿನ ಹಿಂದಿನ ಸೀಟಿನಲ್ಲಿ, ಪತ್ರಿಕೆಯ ಮರೆಯಲ್ಲಿ ಕೂತು, ಸೇತುವೆ ದಾಟಿದ ಮೇಲೆ ಸಿಗುವ ಕೂಡುರಸ್ತೆಯಲ್ಲಿ ಇಳಿದ. ಅಲ್ಲೊಂದು ಹೋಟೆಲು. ಇವನ ಮುಖ ಕಂಡವರು ಅಲ್ಲಿ ಯಾರೂ ಇಲ್ಲ. ಒಳಗೆ ಹೋಗಿ ಕೂತ. ಗಾಜಿನ ಪೆಟ್ಟಿಗೆಯಲ್ಲಿ ಕ್ರೀಂ ಬನ್ನುಗಳು ಹೊಟ್ಟೆ ಬಿರಿದು ಮಲಗಿದ್ದವು.

"ಏನು ಕೊಡ್ಲಿ?" ಎಂದ ಮಾಲೀಕ.

ಬಾಯಿ ತೆರೆದವನು ಹಾಗೇ ಮುಚ್ಚಿದ. ಮುಖ ಗೊತ್ತಿಲ್ಲದಿದ್ದರೇನು, ಧ್ವನಿ ಗೊತ್ತಿದೆಯಲ್ಲ. ಬೆರಳು ತೋರಿಸಿದ, ಗಾಜಿನ ಪೆಟ್ಟಿಗೆಯ ಕಡೆ. ಮಾಲೀಕನ ಮುಖ ಮೆತ್ತಗಾಯಿತು.

"ಪಾಪ, ಮಾತು ಬರಲ್ಲ ಅಂತ ಕಾಣುತ್ತೆ," ಎಂದು ಒಳಗೆ ಹೇಳಿ, ಇವನಿಗೆ ಮಾತ್ರ ಕಿವಿಯೂ ಕೇಳದೇನೋ ಎಂಬಂತೆ ಅರಚಿದ: "ಬನ್ನಾ? ಎರಡು ತಿನ್ನಿ. ನಾಚ್ಕೋಬೇಡಿ."

ಮೈಕಣ್ಣ ಕೃತಜ್ಞತೆಯಿಂದ ತಲೆಯಾಡಿಸಿದ. ತಟ್ಟೆ ಬಂತು. ಅವನು ಒಂದನ್ನು ಎರಡೂ ಕೈಯಲ್ಲಿ, ಹಸುಗೂಸನ್ನು ಎತ್ತಿದಂತೆ ಎತ್ತಿದ.

ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜಿ ಇದ್ದರು. ಕಾಲ ಬಳಿ ಒಂದು ದೊಡ್ಡ ಗಂಟು. ಬಂದವರನ್ನೆಲ್ಲ, "ಬಂದರಿಗೆ ಹೋಗೋ ಬಸ್ಸು ಬಂತೇನಪ್ಪ? ಮಗಳಿಗೆ ಹೆರಿಗೆ ನೋವು ಶುರುವಾಗಿದೆಯಂತೆ" ಎಂದು ಕೇಳುತ್ತಿದ್ದರು. ಹೊರಗೆ ಒಂದು ಬಸ್ಸು ಬಂದು ನಿಂತಿತು. ಟೀ ಕುಡಿಯುತ್ತಿದ್ದ ಯಾರೋ ತಿರುಗಿಯೂ ನೋಡದೆ "ಹೂಂ ಹೂಂ, ಅದೇ, ಹತ್ತಿ" ಎಂದುಬಿಟ್ಟ. ಅಜ್ಜಿ ಗಂಟು ಎತ್ತಿಕೊಂಡು ಹೊರಟರು.

ಅದು ಬಂದರಿನ ಬಸ್ಸಲ್ಲ. ಗಣಿಯ ಬಸ್ಸು. ಎಂಜಿನ್ನಿನ ಕೆಮ್ಮಿನಿಂದಲೇ ಮೈಕಣ್ಣನಿಗೆ ಅದು ಗೊತ್ತು. ಹತ್ತಿದರೆ ಅಜ್ಜಿ ಬೆಟ್ಟದ ಆ ಕಡೆ ಇಳಿಯಬೇಕು, ವಾಪಸು ಬರಲು ಕತ್ತಲಾಗುವವರೆಗೆ ಕಾಯಬೇಕು. ಅವನು ಬನ್ನು ಹಿಡಿದ ಕೈಯನ್ನೇ ಗಾಳಿಯಲ್ಲಿ ಆಡಿಸಿದ. ಮಾಲೀಕ, "ಇನ್ನೊಂದು ಬೇಕಾ? ಕೊಡ್ತೀನಿ, ಕೊಡ್ತೀನಿ" ಎಂದ. ಅಜ್ಜಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಬನ್ನು ತುಟಿಗೆ ತಾಗಿತ್ತು. ಬಸ್ಸು ಮುಂದಕ್ಕೆ ಅಲುಗಿತು.

"ಪ್ರಯಾಣಿಕರ ಗಮನಕ್ಕೆ," ಎಂದಿತು ಮೈಕಣ್ಣನ ಗಂಟಲು, ಅವನನ್ನು ಕೇಳದೆಯೇ. "ಈಗ ನಿಂತಿರುವುದು ಗಣಿಗೆ ಹೋಗುವ ಬಸ್ಸು. ಬಂದರಿಗೆ ಹೋಗುವವರು ರಸ್ತೆಯ ಎದುರುಗಡೆ ಕಾಯತಕ್ಕದ್ದು."

ಚಾಲಕ ತನಗರಿವಿಲ್ಲದೆ ಬ್ರೇಕು ಹಾಕಿದ. ಒಳಗಿದ್ದ ಇಬ್ಬರು ದಡಬಡ ಇಳಿದರು. ಅಜ್ಜಿ ಕಾಲು ಹಿಂದಕ್ಕೆ ತೆಗೆದರು. ಹೋಟೆಲಿನಲ್ಲಿ ಟೀ ಲೋಟಗಳು ಅರ್ಧದಾರಿಯಲ್ಲಿ ನಿಂತವು. ಮಾಲೀಕ ಇವನನ್ನು ನೋಡಿದ, ಇವನ ಹಿಂದೆ ಇಣುಕಿ ನೋಡಿದ, ಮತ್ತೆ ಇವನನ್ನೇ ನೋಡಿದ.

"ನೀವಾ? ಬೆಳಿಗ್ಗೆ ಹಾಲಿನ ಕ್ಯಾನು ಇಳಿಸ್ಕೊಳ್ಳೋಕೆ ಬಸ್ ಸ್ಟ್ಯಾಂಡಿಗೆ ಬಂದಿದ್ದೆ. ಅಮ್ಮನ ಕಣ್ಣು ಹೋಯ್ತು ಅಂದ್ರಲ್ಲ, ಅದು ನೀವಾ?" ಅವನ ಕೈ ಮುಂದೆ ಬಂದು ತಟ್ಟೆಯನ್ನೂ, ಬೆರಳುಗಳ ನಡುವಿನ ಬನ್ನನ್ನೂ ಮೆಲ್ಲಗೆ ಬಿಡಿಸಿಕೊಂಡಿತು. "ಅಂಥವರಿಗೆ ನಾನು ಇದನ್ನ ಕೊಟ್ರೆ ಒಳ್ಳೇದಾಗುತ್ತಾ ಹೇಳಿ?"

ಅಜ್ಜಿ ಹತ್ತಿರ ಬಂದರು. "ನೀನು ಕೂಗದೇ ಇದ್ದಿದ್ರೆ ನಾನು ಎಲ್ಲಿ ಹೋಗಿ ಬೀಳ್ತಿದ್ದೆನೋ ಮಗ. ನೋಡು, ಸಿಹಿ ಬೇಡ. ಇದು ತಿನ್ನು" ಎಂದು ಗಂಟಿನಿಂದ ಒಂದು ಮುಷ್ಟಿ ಹುರಿದ ಕಡಲೆ ತೆಗೆದು ಅವನ ಅಂಗೈಗೆ ಸುರಿದರು. ಅವರನ್ನು ಎದುರುಗಡೆ ಕರೆದೊಯ್ದು ಬಂದರಿನ ಬಸ್ಸು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಮೈಕಣ್ಣ ವಾಪಸು ಹೊರಟ. ದಾರಿಯುದ್ದಕ್ಕೂ ಒಂದೊಂದೇ ಕಾಳು ಜಗಿದ. ಅಮ್ಮ ಇದ್ದಿದ್ದರೆ ಹೀಗೇ ಕೊಡುತ್ತಿದ್ದಳೇನೋ ಅನ್ನಿಸಿತು.

ನಿಲ್ದಾಣಕ್ಕೆ ಬಂದಾಗ ಕ್ಯಾಂಟೀನಿನ ಬಾಗಿಲು ಅರ್ಧ ಎಳೆದಿತ್ತು. ಧ್ವನಿವರ್ಧಕ ಸುಮ್ಮನಿತ್ತು. ಬಸ್ಸುಗಳು ತಮಗೆ ತೋಚಿದ ಹಾಗೆ ಬಂದು ಹೋಗುತ್ತಿದ್ದವು. ನರ್ಸಮ್ಮ ಮಾತ್ರ ಬೆವರು ಒರೆಸಿಕೊಳ್ಳುತ್ತಾ ಪೆಟ್ಟಿಗೆಗೆ ಸಾಮಾನು ತುಂಬುತ್ತಿದ್ದರು. ಬೆಳಗಿನ ಹತ್ತಿಯ ಗೋಪುರ ನೆಲಸಮವಾಗಿತ್ತು.

"ಬನ್ನಿ ಬನ್ನಿ," ಎಂದರು. "ಎಲ್ಲಾ ನಿಮ್ಮಿಂದಾನೇ. ಬೆಳಿಗ್ಗೆ ನಿಮ್ಮ ಮಾತು ಕೇಳಿ ಎಲ್ಲರಿಗೂ ಒಳಗೊಳಗೇ ದಿಗಿಲು ಹತ್ಕೊಂಡಿದೆ. ನಿಮ್ಮೆದುರಿಗೆ ತೋರಿಸ್ಕೊಳ್ಳಲಿಲ್ಲ ಅಷ್ಟೇ. ನೀವು ಆ ಕಡೆ ಹೋದದ್ದೇ ತಡ, ಒಬ್ಬೊಬ್ಬರೇ ಮೆಲ್ಲಗೆ ಬಂದು ಬೆರಳು ಚಾಚಿದ್ರು. ರಕ್ತ ಹಚ್ಚಿ ಸಕ್ಕರೆ ನೋಡೋ ಪಟ್ಟಿಗಳೇ ಮುಗಿದುಹೋದವು."

"ಏನು ಬಂತು?"

"ಯಾರದ್ದು ಎಷ್ಟು ಅಂತ ನಾನು ಹೇಳೋ ಹಾಗಿಲ್ಲ. ಆದ್ರೆ ಒಂದು ಹೇಳ್ತೀನಿ, ಇವತ್ತು ಜಾಸ್ತಿ ಬಂದವರಲ್ಲೆಲ್ಲ ನಿಮ್ಮದೇ ಕಡಿಮೆ. ನಿಮ್ಮದನ್ನ ಕಾಯಿಲೆ ಅನ್ನೋ ಹಾಗೂ ಇಲ್ಲ, ಹುಷಾರು ಅಂತ ಹೇಳ್ತಿದೆ ಅಷ್ಟೇ. ಅಂದ ಹಾಗೆ ಊಟ ಆಯ್ತಾ?"

"ಸೌತೆಕಾಯಿ ಆಯ್ತು."

ನರ್ಸಮ್ಮ ಹಣೆ ಚಚ್ಚಿಕೊಂಡರು. "ಉಪವಾಸ ಇರಿ ಅಂತ ಯಾರು ಹೇಳಿದ್ರು? ಅನ್ನ ಸ್ವಲ್ಪ, ಬೇಳೆ, ಮೊಟ್ಟೆ, ತಟ್ಟೆಯ ಅರ್ಧದಷ್ಟು ತರಕಾರಿ. ಹೊಟ್ಟೆಗೆ ತಿನ್ನಬೇಕು ಮಹರಾಯ್ರೇ."

ಮೈಕಣ್ಣನಿಗೆ ಆದ ಆನಂದ ಹೇಳತೀರದು. ಹಾಗಾದರೆ ಅವನ ಡಬ್ಬಿಯಲ್ಲಿದ್ದದ್ದೆಲ್ಲ ಸರಿಯಾಗಿಯೇ ಇತ್ತು. ಕಂಟ್ರೋಲರ್ ಸಾಹೇಬರಿಗೆ ಮೂಲಂಗಿ ಸಿಪ್ಪೆಯ ವಿಷಯದಲ್ಲಿ ಏನೇನು ಹೇಳಬೇಕೆಂದು ಸಾಲು ಸಾಲು ಮಾತು ಜೋಡಿಸಿಕೊಳ್ಳುತ್ತಾ ಮೆಟ್ಟಿಲು ಹತ್ತಿದ.

ಕೋಣೆಯಲ್ಲಿ ಮೂವರೂ ನೆಲದ ಮೇಲೆ ಕೂತಿದ್ದರು. ಕಂಟ್ರೋಲರ್ ಸಾಹೇಬರ ಟೋಪಿ ಮಡಿಲಲ್ಲಿತ್ತು. ಚಿಲ್ಲರೆ ತನ್ನ ಬೆರಳ ತುದಿಯನ್ನೇ ನೋಡುತ್ತಿದ್ದ. ಇವನನ್ನು ಕಂಡದ್ದೇ ಕ್ಯಾಂಟೀನಿನ ಅಕ್ಕ ಎದ್ದು ನಿಂತಳು.

"ಇರಬೇಕಾದ್ದಕ್ಕಿಂತ ದುಪ್ಪಟ್ಟು ಇದೆ ಅಣ್ಣ ನಂದು," ಎಂದಳು. "ಇವರಿಬ್ಬರದ್ದೂ ಹೆಚ್ಚುಕಡಿಮೆ ಹಾಗೇ." ಆಮೇಲೆ ಬೇರೆಯವರಿಗೆ ಕೇಳಿಸಬಾರದೆಂಬಂತೆ ಕೇಳಿದಳು: "ನಿಮ್ಮ ಅಮ್ಮನಿಗೆ ಕಣ್ಣು ಹೋಗೋಕೆ ಎಷ್ಟು ದಿನ ಹಿಡೀತು?"

ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮೈಕಣ್ಣನ ಬಾಯಲ್ಲೇ ಕರಗಿಹೋದವು. ಅವನು ಅವಳ ಎದುರಿಗೆ ನೆಲದ ಮೇಲೆ ಕೂತ.

"ಅಮ್ಮ ಪರೀಕ್ಷೆನೇ ಮಾಡಿಸ್ಲಿಲ್ಲ ಅಕ್ಕ. ಗೊತ್ತಾಗೋ ಹೊತ್ತಿಗೆ ವರ್ಷಗಳೇ ಆಗಿಹೋಗಿದ್ವು. ನಿಮಗೆ ಇವತ್ತೇ ಗೊತ್ತಾಯ್ತಲ್ಲ. ನಾಳೆ ಎಲ್ಲರೂ ಒಟ್ಟಿಗೆ ಆಸ್ಪತ್ರೆಗೆ ಹೋಗೋಣ. ಔಷಧ ಇದೆ, ಊಟ ಸರಿ ಮಾಡ್ಕೊಂಡ್ರೆ ಹಿಡಿತಕ್ಕೆ ಬರುತ್ತೆ. ಹೆದರ್ಕೋಬೇಡಿ."

ಆ ದೊಡ್ಡ ಧ್ವನಿ ಅಷ್ಟು ಮೆತ್ತಗೆ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ಕಂಟ್ರೋಲರ್ ಸಾಹೇಬರು ಮೂಗು ಒರೆಸಿಕೊಂಡು ಟೋಪಿ ಹಾಕಿಕೊಂಡರು. ಟೋಪಿ ತಲೆಗೇರಿದ್ದೇ ಮತ್ತೆ ಮೊದಲಿನವರಾದರು.

"ಸರಿ, ತೀರ್ಮಾನ ಆಯ್ತು. ನಿಮಗೆ ಬರೀ ಸ್ವಲ್ಪ ಅಂದಿದ್ದಾರೆ, ನಮ್ಮೆಲ್ಲರಿಗಿಂತ ಕಡಿಮೆ ಇರೋದು ನಿಮಗೆ. ಅಂದ್ರೆ ನೀವು ತಿನ್ನೋ ರೀತಿಯೇ ಸರಿಯಾದ ರೀತಿ. ಇನ್ನು ಮೇಲೆ ನೀವು ಏನು ತಿಂತೀರೋ ನಾವೂ ಅದೇ, ನೀವು ಎಷ್ಟು ತಿಂತೀರೋ ನಾವೂ ಅಷ್ಟೇ."

"ಸರ್, ನಂದು ಕಾಯಿಲೆನೇ ಅಲ್ಲ ಅಂದ್ರು ನರ್ಸಮ್ಮ."

"ಅದಕ್ಕೇ ತಾನೇ. ನಿಮ್ಮ ಮಟ್ಟಕ್ಕೆ ಇಳೀಬೇಕು ನಾವು. ಇವತ್ತು ರಾತ್ರಿ ಊಟ ನಿಮ್ಮನೇಲೇ. ಕಣ್ಣಾರೆ ನೋಡಿ ಕಲೀತೀವಿ."

ಸಂಜೆ ಮನೆಯ ಕಡೆ ಬಸ್ಸು ಹತ್ತಲು ಹೋದವನನ್ನು ಚಿಲ್ಲರೆ ತಡೆದ. ನಡೆಯಬೇಕೆಂದು ನರ್ಸಮ್ಮ ಹೇಳಿದ್ದಾರಂತೆ. ಮುಂದೆ ಮೈಕಣ್ಣ, ಹಿಂದೆ ಮೂವರು. ಅವನು ಬೇಗ ನಡೆದರೆ ಅವರೂ ಬೇಗ, ನಿಂತರೆ ಅವರೂ ನಿಲ್ಲುತ್ತಿದ್ದರು. ದಾರಿಯಲ್ಲಿ ಹೆಂಡತಿಗೆ ಫೋನ್ ಮಾಡಿ ಮೆಲ್ಲಗೆ ಹೇಳಿದ: "ಮೂರು ಜನ ಬರ್ತಿದ್ದಾರೆ ಕಣೇ. ಜಾಸ್ತಿ ಮಾಡು. ನಂಗೆ ಮಾತ್ರ ಬಹಳ ಜಾಸ್ತಿ ಮಾಡು."

ಹೆಂಡತಿ ಜಾಣೆ. ಅನ್ನಕ್ಕೆ ಸರಿಯಾಗಿ ಎರಡು ಬಗೆಯ ತರಕಾರಿ, ಸೊಪ್ಪು ಹಾಕಿದ ಬೇಳೆ, ಮೊಟ್ಟೆ ಎಲ್ಲ ಮಾಡಿಟ್ಟಿದ್ದಳು. ಘಮಘಮ ಪರಿಮಳ ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆಯಿತು. ಮೈಕಣ್ಣ ತಟ್ಟೆಯ ಮುಂದೆ ಕೂತ. ಮೂವರೂ ಅವನಿಗೆ ಎದುರಾಗಿ ಕೂತರು. ಅವನಿಗೆ ಬಡಿಸಿದಷ್ಟೇ ಅನ್ನವನ್ನು ಕಣ್ಣಳತೆಯಲ್ಲಿ ಅಳೆದು ಬಡಿಸಿಕೊಂಡರು. ಅವನು ತುತ್ತೆತ್ತಿದರೆ ತುತ್ತೆತ್ತಿದರು, ನೀರು ಕುಡಿದರೆ ನೀರು ಕುಡಿದರು.

ತಟ್ಟೆ ಕ್ಷಣಮಾತ್ರದಲ್ಲಿ ಖಾಲಿಯಾಯಿತು. ಹೆಂಡತಿ ಸಂಕಟದಿಂದ ನೋಡಿ, ಇನ್ನೊಂದು ಸೌಟು ಅನ್ನ ತುಂಬಿಕೊಂಡು ಬಂದಳು.

"ಹಾಕಿಸ್ಕೊಳ್ಳಿ ರೀ."

ಎದುರಿಗೆ ಮೂರು ತಟ್ಟೆಗಳು ಒಟ್ಟಿಗೆ ಸ್ವಲ್ಪ ಮುಂದಕ್ಕೆ ಸರಿದವು. ಮೈಕಣ್ಣ ಅನ್ನವನ್ನು ನೋಡಿದ. ಅಕ್ಕನ ಮುಖ ನೋಡಿದ. ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು. ಅವನು ಎರಡನೇ ಸಲ ಹಾಕಿಸಿಕೊಂಡರೆ ಅವಳೂ ಹಾಕಿಸಿಕೊಳ್ಳುತ್ತಾಳೆ, ದುಪ್ಪಟ್ಟು ಇರುವವಳು. ಅವನ ಅಂಗೈ, ದೇಹದ ಬೇರೆ ಯಾವ ಭಾಗದ ಒಪ್ಪಿಗೆಯೂ ಇಲ್ಲದೆ, ತಟ್ಟೆಯ ಮೇಲೆ ಅಡ್ಡ ಬಂತು.

"ಸಾಕು," ಎಂದ.

"ಸಾಕು," ಎಂದರು ಮೂವರೂ.

ಕಂಟ್ರೋಲರ್ ಸಾಹೇಬರು ಕೈ ತೊಳೆದು ಬಂದು ಮೆಚ್ಚುಗೆಯಿಂದ ತಲೆದೂಗಿದರು. "ನೋಡಿದ್ರಾ, ಮನುಷ್ಯ ಅಂದ್ರೆ ಹೀಗಿರಬೇಕು. ಇಷ್ಟೇ ಇಷ್ಟು ಉಂಡು ಎಷ್ಟು ತೃಪ್ತಿಯಾಗಿದ್ದಾರೆ."

ಆಗಲೇ ಮೈಕಣ್ಣನ ಹೊಟ್ಟೆಯೊಳಗಿಂದ ಒಂದು ದೀರ್ಘವಾದ, ಕಲ್ಲು ತುಂಬಿದ ಲಾರಿ ಇಳಿಜಾರಿನಲ್ಲಿ ಇಳಿದಂಥ ಗುಡುಗು ಕೇಳಿಬಂತು.

"ಕೇಳಿಸ್ತಾ?" ಎಂದಳು ಅಕ್ಕ, ಚಿಲ್ಲರೆಯ ಕಡೆ ತಿರುಗಿ, ಭಕ್ತಿಯಿಂದ. "ಆಗಲೇ ಜೀರ್ಣ ಆಯ್ತು."